ಗೇಟ್ ಬಿತ್ತು ಅಕ್ಕಾ

ರಾತ್ರಿ ಒಂಬತ್ತೂವರೆಗೆ ಔಷಧಿ ಅಂಗಡಿಯ ಶಟರ್ ಅರ್ಧ ಎಳೆದು, ದಿನದ ಲೆಕ್ಕ ಮುಗಿಸಿ, ಹಿಂದಿನ ಗೋಡೌನಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಅದೇ ನನ್ನ ಸ್ಟುಡಿಯೊ. ಎಂಟಡಿ ಉದ್ದ, ಆರಡಿ ಅಗಲ. ಮೂರು ಕಡೆಗೂ ಚಾವಣಿ ಮುಟ್ಟುವಷ್ಟು ಸಲೈನ್ ಪೆಟ್ಟಿಗೆಗಳು, ಹತ್ತಿಯ ಸುರುಳಿಗಳು, ಬ್ಯಾಂಡೇಜ್ ಬಟ್ಟೆಯ ಕಟ್ಟುಗಳು. ಹತ್ತಿ ದನಿಯನ್ನು ಹೀರಿಕೊಳ್ಳುತ್ತದೆ. ಗೋಡೆಗೆ ಬಡಿದು ವಾಪಸು ಬರುವ ಗದ್ದಲ ಅಲ್ಲಿಲ್ಲ, ಬಾಯಿಂದ ಹೊರಟದ್ದು ಹೊರಟ ಹಾಗೆಯೇ ಮೊಬೈಲಿನ ಮೈಕಿಗೆ ಸೇರುತ್ತದೆ. ಹತ್ತಿ ಗಿರಣಿಗಳಿಂದ ಹೆಸರು ಪಡೆದ ದಾವಣಗೆರೆಯಲ್ಲಿ ನನ್ನ ಹಾಡಿಗೂ ಹತ್ತಿಯೇ ಆಸರೆ ಎಂಬುದು ನನಗೆ ಸಣ್ಣ ಸಂಗತಿಯಲ್ಲ. ಒಳಗೆ ನಿಂತಾಗಲೆಲ್ಲ ಅದು ನೆನಪಾಗುತ್ತದೆ.

ಮೊನ್ನೆ ಹಾಗೆ ಹಾಡಿ ನಮ್ಮ ಹಾಡಿನ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ್ದು ನಾಲ್ಕು ನಿಮಿಷದ ಒಂದು ಹಳೆಯ ಚಿತ್ರಗೀತೆ. ಐದನೇ ನಿಮಿಷಕ್ಕೆ ಉತ್ತರ ಬಂತು: ‘ಗೇಟ್ ಬಿತ್ತು ಅಕ್ಕಾ, 1:42ಕ್ಕೆ.’

ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ಕಾದು ಕಾದು ಬೆಳೆದವರು ನಾವು. ಪರೀಕ್ಷೆಗೆ ಹೊರಟಾಗ, ಆಸ್ಪತ್ರೆಗೆ ಹೊರಟಾಗ, ಮದುವೆ ದಿಬ್ಬಣದ ಜೊತೆ ಹೊರಟಾಗ, ಗಾಡಿ ಇನ್ನೇನು ಹಳಿ ದಾಟಬೇಕು ಅನ್ನುವಷ್ಟರಲ್ಲಿ ಗಂಟೆ ಬಾರಿಸುತ್ತಾ ಗೇಟು ಕೆಳಗಿಳಿಯುತ್ತಿತ್ತು. ನಮ್ಮ ಗುಂಪಿನಲ್ಲಿ ‘ಗೇಟ್ ಬಿತ್ತು’ ಅಂದರೆ ಸಾಲಿನ ನಡುವೆ ಉಸಿರು ಮುಗಿಯಿತು ಎಂದರ್ಥ. ಪದವನ್ನು ಅರ್ಧಕ್ಕೇ ಕತ್ತರಿಸಿ ಉಸಿರೆಳೆದುಕೊಂಡರೆ ಕೇಳುವವನೂ ಹಾಗೇ ಹಳಿಯ ಈಚೆ ನಿಂತುಬಿಡುತ್ತಾನೆ. ನಾನು 1:42ಕ್ಕೆ ವಾಪಸು ಹೋಗಿ ಕೇಳಿದೆ. ಹೌದು, ಸರಿಯಾಗಿ ಅಲ್ಲೇ ಬಿದ್ದಿತ್ತು. ಅದಕ್ಕೂ ಎರಡು ಪದ ಮೊದಲೇ ಉಸಿರು ತುಂಬಿಕೊಳ್ಳುವ ಜಾಗವಿತ್ತು. ಮಾತಿನ ಅರ್ಥ ಅಲ್ಲೇ ಮುಗಿಯುತ್ತಿತ್ತು. ಆ ರಾತ್ರಿ ಇನ್ನೊಮ್ಮೆ ಹಾಡಿದೆ.

ನಾವು ಒಟ್ಟು ಒಂಬತ್ತು ಜನ. ಯಾರಿಗೂ ಹಾಡು ಹೊಟ್ಟೆಪಾಡಲ್ಲ, ಒಬ್ಬನನ್ನು ಬಿಟ್ಟು. ಅವನು ಕೀಬೋರ್ಡ್ ತಮ್ಮ, ಆರ್ಕೆಸ್ಟ್ರಾದವನು. ಉಳಿದವರಲ್ಲಿ ಹಾರ್ಮೋನಿಯಂ ನುಡಿಸುವ ನಿವೃತ್ತ ಇಂಜಿನಿಯರ್ ಸಾರ್, ಆಟೊ ಬಿಡಿಭಾಗದ ಅಂಗಡಿಯ ಸ್ಪೇರ್ ಅಣ್ಣ, ಹೈಸ್ಕೂಲಿನ ಟೀಚರಮ್ಮ, ತಬಲಾ ಕಲಿಯುತ್ತಿರುವ ಇಂಜಿನಿಯರಿಂಗ್ ಹುಡುಗ, ಮಂಡಕ್ಕಿ ಭಟ್ಟಿ ನಡೆಸುವ ಭಟ್ಟಿ ಭಾಯಿ, ಹೀಗೆ. ಹಗಲೆಲ್ಲ ಅವರವರ ಕೆಲಸ. ರಾತ್ರಿಯಾದರೆ ವಾಟ್ಸ್ಆ್ಯಪಿನಲ್ಲಿ ಒಬ್ಬರ ಹಾಡು, ಉಳಿದವರ ಕಾಲೆಳೆಯಾಟ.

ಈ ಕಾಲೆಳೆಯಾಟಕ್ಕೆ ಊರಿನ ಮಾತುಗಳೇ ಪಾರಿಭಾಷಿಕ ಪದಗಳಾಗಿ ಒದಗಿವೆ. ಶ್ರುತಿ ಜಾರುತ್ತಾ ಹೋದರೆ ‘ಹರಿಹರ ದಾಟಿತು’. ಪಲ್ಲವಿಯಲ್ಲಿ ದಾವಣಗೆರೆಯಲ್ಲಿದ್ದ ಷಡ್ಜ, ಅಂದರೆ ಆಧಾರದ ‘ಸ’, ಕೊನೆಯ ಚರಣದ ಹೊತ್ತಿಗೆ ತುಂಗಭದ್ರೆಯ ಆಚೆ ಹೋಗಿರುತ್ತದೆ. ಬೇಕಿಲ್ಲದ ಕಡೆಯಲ್ಲೆಲ್ಲ ಗಮಕ, ಮುರ್ಕಿಯಂಥ ಅಲಂಕಾರ ಸುರಿದರೆ ‘ಬೆಣ್ಣೆ ಜಾಸ್ತಿ’. ಬೆಣ್ಣೆ ದೋಸೆಯ ಊರಿನವರು ಇದನ್ನು ಹೇಳಬೇಕೆಂದರೆ ನಿಜವಾಗಿಯೂ ಜಾಸ್ತಿಯಾಗಿರಬೇಕು. ಲಯ ಸಡಿಲವಾಗಿ ಹಾಡು ಜೋತುಬಿದ್ದರೆ ‘ಮಂಡಕ್ಕಿ ಮೆತ್ತಗಾಗೈತೆ’. ತಾಳಕ್ಕಿಂತ ಒಂದು ಗುಕ್ಕು ಹಿಂದೆ ಬಿದ್ದರೆ ‘ರೈಲು ಲೇಟು’. ಎಲ್ಲೂ ತಪ್ಪು ಸಿಗದೆ ಹೋದರೆ ಇಂಜಿನಿಯರ್ ಸಾರ್ ಒಂದೇ ಮಾತು ಬರೆಯುತ್ತಾರೆ: ‘ಇನ್ನೊಂದ್ಸಲ ಹಾಡು.’ ಒಂಬತ್ತು ಜನರೂ ಕಾಯುವುದು ಆ ಒಂದು ಮಾತಿಗೆ.

ನಮ್ಮ ಹಾಡುಗಳನ್ನು ಬೇರೆ ಗುಂಪುಗಳಿಗೂ ಕಳಿಸುತ್ತೇವೆ: ನೆಂಟರ ಗುಂಪು, ಹಳೆಯ ಸಹಪಾಠಿಗಳ ಗುಂಪು, ವ್ಯಾಪಾರಿಗಳ ಗುಂಪು. ಅಲ್ಲಿ ಹಾಡು ಹೋಗಿ ಬಿದ್ದ ಹತ್ತೇ ಸೆಕೆಂಡಿಗೆ ಹೆಬ್ಬೆರಳುಗಳು, ಹೂಗುಚ್ಛಗಳು, ‘ಸೂಪರ್ ಮೇಡಂ’. ನಾಲ್ಕು ನಿಮಿಷದ ಹಾಡನ್ನು ಹತ್ತು ಸೆಕೆಂಡಿನಲ್ಲಿ ಕೇಳಿ ಮುಗಿಸುವ ಕಿವಿ ಯಾವುದೂ ಇಲ್ಲ. ಅವರ ಪ್ರೀತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನನ್ನ ಮೇಲಿನ ಪ್ರೀತಿ, ಹಾಡಿನ ಮೇಲಿನದಲ್ಲ ಅಷ್ಟೇ. ‘1:42’ ಎಂದು ಬರೆಯಬೇಕಾದರೆ ಅಲ್ಲಿಯತನಕ ಕೇಳಿರಬೇಕು, ಎಡವಿದ ಕಡೆ ತಡೆದು ಹಿಂದೆ ಹೋಗಿ ಮತ್ತೊಮ್ಮೆ ಕೇಳಿರಬೇಕು, ಗಡಿಯಾರ ನೋಡಿ ಗುರುತು ಹಾಕಿಕೊಂಡಿರಬೇಕು. ಹಗಲೆಲ್ಲ ಗಿರಾಕಿಗಳ ಜೊತೆ ಮಾತಾಡಿ ದಣಿದ ಮನುಷ್ಯ ಅಷ್ಟನ್ನು ನನಗಾಗಿ ಮಾಡಿದ್ದಾನೆ. ಹಾಗಾಗಿ ಆ ಕುಚೋದ್ಯ ನನಗೆ ಹೂಗುಚ್ಛಕ್ಕಿಂತ ಹತ್ತಿರ.

ಸ್ಪೇರ್ ಅಣ್ಣನ ರೈಲು ಎರಡು ವರ್ಷ ಲೇಟಾಗಿಯೇ ಓಡಿತು. ದನಿ ಗಟ್ಟಿ, ಶ್ರುತಿ ಪಕ್ಕಾ, ತಾಳ ಮಾತ್ರ ಪ್ರತಿ ಸಲವೂ ಹಿಂದೆ. ಎದುರಿಗೆ ಕೂತು ಹಾಡಿದರೆ ಏನೂ ತಪ್ಪಿಲ್ಲ, ರೆಕಾರ್ಡ್ ಮಾಡಿ ಕಳಿಸಿದರೆ ತಪ್ಪು! ಅಣ್ಣ ಒಳಗೊಳಗೇ ನೊಂದುಕೊಳ್ಳುತ್ತಿದ್ದರು. ಒಂದು ದಿನ ತಬಲಾ ಹುಡುಗ ಅವರ ಅಂಗಡಿಗೇ ಹೋಗಿ ಅವರು ಹೇಗೆ ಹಾಡುತ್ತಾರೆಂದು ನೋಡಿದ. ಕಿವಿಯಲ್ಲಿ ಬ್ಲೂಟೂತ್. ಹಿನ್ನೆಲೆ ವಾದ್ಯದ ಟ್ರ್ಯಾಕ್ ಮೊಬೈಲಿನಿಂದ ಹೊರಟು ಬ್ಲೂಟೂತ್ ಮೂಲಕ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಬಹುದು. ನಿಮಿಷಕ್ಕೆ 90 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ಇರುವ ಅಂತರ ಸೆಕೆಂಡಿನ ಮೂರನೇ ಎರಡು ಭಾಗ ಮಾತ್ರ. ಅಂದರೆ ಅಣ್ಣ ಕಿವಿಗೆ ಬಿದ್ದ ತಾಳಕ್ಕೆ ಕೂದಲೆಳೆ ತಪ್ಪದೆ ಹಾಡುತ್ತಿದ್ದರು, ತಾಳವೇ ಅವರನ್ನು ತಡವಾಗಿ ತಲುಪುತ್ತಿತ್ತು. ಹುಡುಗ ತನ್ನ ವೈರಿನ ಇಯರ್‌ಫೋನ್ ಕೊಟ್ಟು ಬಂದ. ಅಂದು ರಾತ್ರಿ ಬಂದ ಹಾಡಿಗೆ ಇಂಜಿನಿಯರ್ ಸಾರ್ ಬರೆದರು: ‘ರೈಲು ಟೈಮಿಗೆ ಬಂತು. ಇನ್ನೊಂದ್ಸಲ ಹಾಡು.’ ಸ್ಪೇರ್ ಅಣ್ಣ ನನಗೆ ಫೋನ್ ಮಾಡಿ ಐದು ನಿಮಿಷ ಅದನ್ನೇ ಮಾತಾಡಿದರು.

ಶ್ರುತಿಯ ವಿಷಯದಲ್ಲಿ ನನಗೂ ಹೀಗೊಂದು ಗಂಟು ಇತ್ತು. ಹಳೆಯ ಹಾಡುಗಳನ್ನು ಕ್ಯಾರಿಯೋಕೆ ಟ್ರ್ಯಾಕಿನ ಮೇಲೆ ಹಾಡುವಾಗ ಮೊದಲ ಸಾಲು ಯಾವಾಗಲೂ ಒಂದಿಷ್ಟು ಮೇಲೆಯೇ ಹೋಗಿ ನಿಲ್ಲುತ್ತಿತ್ತು. ಸಾರ್ ಹಾರ್ಮೋನಿಯಂ ಹಿಡಿದು ಕೂತು ಅದನ್ನು ಬಿಡಿಸಿದರು. 1960ರ ದಶಕದ ಹಾಡು ಟೇಪಿನಿಂದ ಗ್ರಾಮಫೋನ್ ತಟ್ಟೆಗೆ, ತಟ್ಟೆಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಇನ್ನೊಂದು ಕ್ಯಾಸೆಟ್ಟಿಗೆ ಇಳಿಯುತ್ತಾ ಬಂದಿರುತ್ತದೆ. ಒಂದೊಂದು ಯಂತ್ರದ ವೇಗವೂ ಒಂದೊಂದು ರೀತಿ. ವೇಗ ಶೇಕಡ 6ರಷ್ಟು ಹೆಚ್ಚಾದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆ ಮೇಲೇರುತ್ತದೆ, ಶೇಕಡ 3ರಷ್ಟಾದರೆ ಎರಡು ಮನೆಗಳ ನಡುವೆ ನಿಲ್ಲುತ್ತದೆ. ಈಗಿನ ಟ್ರ್ಯಾಕ್‌ಗಳೋ 440 ಹರ್ಟ್ಸ್ ಅಳತೆಗೆ ಕರಾರುವಾಕ್ಕಾಗಿ ಹೊಂದಿಸಿದ ಕೀಬೋರ್ಡಿನಲ್ಲಿ ಹೊಸದಾಗಿ ನುಡಿಸಿದವು. ನಮ್ಮಪ್ಪನ ಟೇಪ್ ರೆಕಾರ್ಡರ್ ಸ್ವಲ್ಪ ಜೋರಾಗಿ ಓಡುತ್ತಿತ್ತು. ನಾನು ಹಾಡು ಕಲಿತದ್ದು ಅದರಿಂದ. ಎಲ್ಲ ಕೇಳಿಸಿಕೊಂಡ ಸಾರ್ ಅಂದರು: ‘ನೀನು ಶ್ರುತಿ ತಪ್ಪಿಲ್ಲಮ್ಮ. ನಿಮ್ಮಪ್ಪನ ಕ್ಯಾಸೆಟ್ಟಿಗೆ ನಿಯತ್ತಾಗಿದೀಯ.’

ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆ ಮಾತನ್ನು ಹೊತ್ತುಕೊಂಡೇ ನಾನು ಅವತ್ತು ಮನೆಗೆ ನಡೆದುಹೋದೆ.

ಇನ್ನೊಬ್ಬರ ಹಾಡನ್ನು ಎತ್ತಿಕೊಂಡು ಹಾಡುವುದಕ್ಕೆ ಈಗಿನ ಹುಡುಗರು ‘ಕವರ್’ ಅನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ವೃತ್ತಿ ನಾಟಕ ಕಂಪನಿಗಳ ಕಾಲದಲ್ಲಿ ನಾಟಕದ ಪದ್ಯಗಳ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಗುರುತು ಹಾಕಿರುತ್ತಿದ್ದರು. ಎಲ್ಲರ ಬಾಯಲ್ಲಿದ್ದ ಧಾಟಿಗೆ ಹೊಸ ಮಾತು ಕೂರಿಸಿ ಹಾಡಿದರೆ ಕೊನೆಯ ಸಾಲಿನ ಪ್ರೇಕ್ಷಕನೂ ಜೊತೆಗೆ ಗುನುಗುತ್ತಿದ್ದ. ಚಿಂದೋಡಿ ಮನೆತನದ ಕಂಪನಿ ಬೆಳೆದದ್ದು ನಮ್ಮ ಊರಿನಲ್ಲೇ. ಅದರ ನಾಟಕಗಳನ್ನು ನೋಡಿ ಬಂದ ಅಜ್ಜಿಯರು ನಮ್ಮ ಕೇರಿಯಲ್ಲಿ ರೊಟ್ಟಿ ತಟ್ಟುತ್ತಾ ಆ ಪದ್ಯಗಳನ್ನು ಹಾಡುತ್ತಿದ್ದರು. ಮಟ್ಟು ಯಾವ ಹಾಡಿನದು ಎಂದು ಅವರಿಗೂ ಗೊತ್ತಿರಲಿಲ್ಲ, ಬೇಕೂ ಇರಲಿಲ್ಲ. ಭಜನೆ ಮೇಳದವರು ಮಾಡಿದ್ದೂ ಇದನ್ನೇ. ಗಣೇಶನ ಹಬ್ಬದ ರಸಮಂಜರಿಯವರು ಮಾಡಿದ್ದೂ ಇದನ್ನೇ. ಕೆಂಪು ಕೋಟು ತೊಟ್ಟ ಗಾಯಕ ರಾತ್ರಿ ಹನ್ನೊಂದಕ್ಕೆ ಪಿ.ಬಿ. ಶ್ರೀನಿವಾಸರ ಹಾಡು ಎತ್ತಿಕೊಂಡಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು ನೆನಪಿದೆ. ಮೂಲ ಹಾಡಿಗೂ ಅವನ ಹಾಡಿಗೂ ಎಷ್ಟು ದೂರವಿತ್ತೋ ಈಗ ಹೇಳಲಾರೆ. ಆದರೆ ಅಪ್ಪನ ಹೆಗಲು ತಾಳ ಹಾಕುತ್ತಿತ್ತು, ಅದು ಗೊತ್ತು.

ಕೀಬೋರ್ಡ್ ತಮ್ಮನಿಗೆ ಈ ವಿಷಯದಲ್ಲಿ ಬೇರೆಯದೇ ಸಂಕಟ. ಅವನು ಆರ್ಕೆಸ್ಟ್ರಾಕ್ಕೆ ಸೇರಿದಾಗ ವೇದಿಕೆಯ ಮೇಲೆ ಹತ್ತು ಜನ ವಾದ್ಯದವರು ಇರುತ್ತಿದ್ದರಂತೆ. ಈಗ ಒಬ್ಬ ಗಾಯಕ, ಒಂದು ಲ್ಯಾಪ್‌ಟಾಪು. ಕ್ಯಾರಿಯೋಕೆ ಎಂಬ ಜಪಾನಿ ಮಾತಿಗೆ ‘ಖಾಲಿ ಆರ್ಕೆಸ್ಟ್ರಾ’ ಎಂದೇ ಅರ್ಥ. 1971ರಲ್ಲಿ ಕೋಬೆ ಊರಿನಲ್ಲಿ ಇನೊವೆ ದೈಸುಕೆ ಎಂಬ ವಾದ್ಯಗಾರ ಅದರ ಯಂತ್ರ ಮಾಡಿದ. ಅವನೂ ನಮ್ಮ ತಮ್ಮನ ಹಾಗೆ ರಾತ್ರಿ ಕ್ಲಬ್ಬುಗಳಲ್ಲಿ ಗಿರಾಕಿಗಳ ಹಾಡಿಗೆ ನುಡಿಸುತ್ತಿದ್ದವನು. ಒಬ್ಬ ಗಿರಾಕಿ ಪ್ರವಾಸಕ್ಕೆ ಜೊತೆಗೆ ಬಾ ಎಂದಾಗ ಹೋಗಲಾಗದೆ, ತನ್ನ ನುಡಿಸಾಣಿಕೆಯನ್ನು ಟೇಪಿನಲ್ಲಿ ತುಂಬಿ ಕೊಟ್ಟನಂತೆ. ಅಲ್ಲಿಂದ ಹೊಳೆದದ್ದು ಆ ಯಂತ್ರ. ಅವನು ಪೇಟೆಂಟ್ ಕೂಡ ಮಾಡಿಸಲಿಲ್ಲ. ಇದನ್ನು ಹೇಳಿದಾಗ ತಮ್ಮ ಸುಮ್ಮನೆ ಕೇಳಿಸಿಕೊಂಡು, ‘ಅಕ್ಕಾ, ನಾನೂ ಈಗ ಟ್ರ್ಯಾಕ್ ಮಾಡಿ ಕೊಡ್ತಿದೀನಿ. ನನ್ನ ಕೆಲಸ ನಾನೇ ಖಾಲಿ ಮಾಡ್ಕೊಂತಿದೀನಿ’ ಅಂದ. ಅದಕ್ಕೆ ಯಾರೂ ಕುಚೋದ್ಯ ಮಾಡಲಿಲ್ಲ. ಅಂದಿನಿಂದ ನಮ್ಮ ಗುಂಪಿನಲ್ಲಿ ಟ್ರ್ಯಾಕ್ ಬೇಕಾದರೆ ಅವನ ಹತ್ತಿರವೇ ಮಾಡಿಸಬೇಕು, ದುಡ್ಡು ಕೊಟ್ಟೇ ಮಾಡಿಸಬೇಕು ಎಂದಾಗಿದೆ.

ಎಲ್ಲಕ್ಕಿಂತ ಹೆಚ್ಚು ಗಲಾಟೆಯಾದದ್ದು 2022ರ ಸೆಪ್ಟೆಂಬರಿನಲ್ಲಿ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ ಗೊತ್ತು ಮಾಡಿತು. ಕುವೆಂಪು ಅವರ ಆ ಕವಿತೆ 2004ರಲ್ಲೇ ನಾಡಗೀತೆಯಾಗಿದ್ದರೂ ಧಾಟಿಯ ಚರ್ಚೆ ಬಗೆಹರಿದಿರಲಿಲ್ಲ, ಸಿ. ಅಶ್ವತ್ಥ್ ಅವರ ಧಾಟಿಯೂ ಅಷ್ಟೇ ಪ್ರಚಾರದಲ್ಲಿತ್ತು. ಇಂಜಿನಿಯರ್ ಸಾರ್ ಅನಂತಸ್ವಾಮಿ ಕಡೆ, ಕೀಬೋರ್ಡ್ ತಮ್ಮ ಅಶ್ವತ್ಥ್ ಕಡೆ. ಮೂರು ದಿನ ಮಾತಿಗೆ ಮಾತು. ‘ಸಾರ್, ನಿಮ್ ಧಾಟಿ ಪ್ರಾರ್ಥನೆಗೆ ಸರಿ, ಮೈ ಜುಮ್ ಅನ್ನಲ್ಲ.’ ‘ಲೋ, ನಾಡಗೀತೆ ನಿಂತು ಹಾಡೋದು, ಕುಣಿದು ಹಾಡೋದಲ್ಲ.’ ನಾಲ್ಕನೇ ದಿನ ಟೀಚರಮ್ಮ ಬರೆದರು: ‘ಇಬ್ಬರೂ ಸುಮ್ಮನಿರಿ. ಸಾರ್ ಅಶ್ವತ್ಥ್ ಧಾಟಿ ಹಾಡಿ ಕಳಿಸಲಿ, ತಮ್ಮ ಅನಂತಸ್ವಾಮಿ ಧಾಟಿ ಹಾಡಿ ಕಳಿಸಲಿ. ಆಮೇಲೆ ಮಾತು.’ ಎರಡು ದಿನ ಸದ್ದಿಲ್ಲ. ಮೂರನೇ ದಿನ ಎರಡೂ ಬಂದವು. ಸಾರ್ ಆ ಧಾಟಿಯನ್ನು ಎಷ್ಟು ಸೂಕ್ಷ್ಮವಾಗಿ ಕೇಳಿ ಹಾಡಿದ್ದರೆಂದರೆ, ಅದುವರೆಗೆ ನನ್ನ ಕಿವಿಗೆ ಬೀಳದೇ ಇದ್ದ ಎರಡು ತಿರುವು ಅವರ ದನಿಯಲ್ಲಿ ಸ್ಪಷ್ಟವಾಗಿ ಕೇಳಿಸಿದವು. ತಮ್ಮ ಬರೆದದ್ದು ಇಷ್ಟೆ: ‘ಸಾರ್, ಇನ್ನೊಂದ್ಸಲ ಹಾಡ್ರಿ.’ ಆ ಮಾತನ್ನು ಸಾರ್‌ಗೆ ಅವರಿಗಿಂತ ಕಿರಿಯನೊಬ್ಬ ಹೇಳಿದ್ದು ಅದೇ ಮೊದಲು.

ಇಷ್ಟು ಬರೆದೆ. ಈಗ ಬರೆಯಲು ಕೂತದ್ದೇ ಯಾವುದಕ್ಕಾಗಿಯೋ ಅದಕ್ಕೆ ಬರುತ್ತೇನೆ.

ಕಾಲೆಳೆಯುವುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ಬರೆದಿಟ್ಟದ್ದಲ್ಲ, ತಾನಾಗಿಯೇ ಆದದ್ದು. ತಿದ್ದಿಕೊಳ್ಳಬಹುದಾದದ್ದನ್ನು ಆಡಿಕೊಳ್ಳಬಹುದು: ಉಸಿರು, ತಾಳ, ಶ್ರುತಿ, ಬೆಣ್ಣೆ. ಹುಟ್ಟಿನಿಂದ ಬಂದದ್ದನ್ನು, ಅಂದರೆ ಕಂಠದ ಬಣ್ಣ, ಒಡಕು, ತೊದಲು, ಇವನ್ನು ಮುಟ್ಟುವಂತಿಲ್ಲ. ನಾನು ಅದನ್ನು ಮುರಿದೆ.

ಭಟ್ಟಿ ಭಾಯಿಯ ದನಿ ನಮ್ಮ ಒಂಬತ್ತು ಜನರಲ್ಲಿ ಎಲ್ಲಕ್ಕಿಂತ ಆಳವಾದದ್ದು. ತಂತಿ ಮೀಟಿದ ಮೇಲೂ ಉಳಿಯುವ ಝೇಂಕಾರದಂತೆ ಸಾಲು ಮುಗಿದ ಮೇಲೂ ಉಳಿಯುತ್ತದೆ. ಅವರು ಹೆಚ್ಚಾಗಿ ಹಾಡುವುದು ಭಾವಗೀತೆ. ಒಂದು ರಾತ್ರಿ ಬೆಳಕಿನ ಮೇಲಿನ ಒಂದು ಗೀತೆ ಕಳಿಸಿದರು. ಚೆನ್ನಾಗಿತ್ತು. ಶ್ರುತಿ, ತಾಳ, ಉಸಿರು, ಎಲ್ಲೂ ಹಿಡಿಯಲು ಏನೂ ಸಿಗಲಿಲ್ಲ. ಏನಾದರೂ ಹಿಡಿಯಲೇಬೇಕು ಎಂಬ ಹಟ ನನ್ನೊಳಗೆ ಆಗ ಹೇಗೆ ಹೊಕ್ಕಿತೋ. ಬರೆದೆ: ‘ಭಾಯಿ, ನಿಮ್ಮ ಹಾಡಿನಲ್ಲಿ ಬೆಳಕೇ ಇಲ್ಲ, ಬರೀ ಬೆಲಕು.’

ನಗುವ ಮುಖಗಳು ಸಾಲಾಗಿ ಬಂದವು. ಗುಂಪು ಶುರುವಾದಾಗಿನಿಂದ ನನ್ನ ಯಾವ ಮಾತಿಗೂ ಅಷ್ಟು ನಗು ಬಂದಿರಲಿಲ್ಲ. ನನಗೆ ಖುಷಿಯೂ ಆಯಿತು. ಭಾಯಿ ಕೈ ಮುಗಿದ ಒಂದು ಚಿತ್ರ ಹಾಕಿ ಸುಮ್ಮನಾದರು.

ಆಮೇಲೆ ಅವರಿಂದ ಹಾಡು ಬರಲಿಲ್ಲ. ಒಂದು ವಾರ, ಎರಡು ವಾರ. ಹಂಗಾಮು, ಕೆಲಸ ಜಾಸ್ತಿ ಇರಬೇಕು ಅಂದುಕೊಂಡೆವು. ನಮ್ಮ ಹಾಡುಗಳನ್ನು ಅವರು ಕೇಳುತ್ತಲೇ ಇದ್ದರು, ಉತ್ತರವನ್ನೂ ಬರೆಯುತ್ತಿದ್ದರು. ನಾನು ಹಾಡಿ ಕಳಿಸಿದ್ದಕ್ಕೆ ಒಂದು ದಿನ ಬರೆದರು: ‘ಚೆನ್ನಾಗಿದೆ ಅಕ್ಕ.’ ಆ ಹಾಡಿನಲ್ಲಿ ಎರಡು ಕಡೆ ಗೇಟ್ ಬಿದ್ದಿದ್ದು ನನಗೇ ಗೊತ್ತಿತ್ತು. ಅವರ ಕಿವಿಗೆ ಅದು ತಪ್ಪುವ ಮಾತೇ ಇಲ್ಲ. ನಂತರದ ಹಾಡಿಗೂ ‘ಚೆನ್ನಾಗಿದೆ’. ಸ್ಪೇರ್ ಅಣ್ಣನಿಗೂ ‘ಚೆನ್ನಾಗಿದೆ ಅಣ್ಣ’. ‘ಐತೆ’ ಅನ್ನುತ್ತಿದ್ದ ಮನುಷ್ಯ ‘ಇದೆ’ ಎಂದು ಬರೆಯತೊಡಗಿದ್ದರು. ಹೊರಗಿನ ಗುಂಪುಗಳ ಹೂಗುಚ್ಛದಷ್ಟೇ ದೂರ ನಿಂತಿದ್ದರು ಅವರು. ದೂರ ತಳ್ಳಿದವಳು ನಾನು.

ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಗಿನ ಜಾವ ಅವರ ಭಟ್ಟಿಗೆ ಹೋದೆ. ಆ ಕಡೆಗೆ ಹೋದವರಿಗೆ ಗೊತ್ತು, ಬೀದಿಗೆ ಕಾಲಿಡುವ ಮೊದಲೇ ಹೊಗೆಯ ವಾಸನೆ, ಹುರಿದ ಅಕ್ಕಿಯ ವಾಸನೆ. ಒಳಗೆ ಒಲೆಯ ಮೇಲೆ ಮರಳು ಕಾದಿತ್ತು. ಉಪ್ಪುನೀರು ಹಚ್ಚಿದ ಅಕ್ಕಿ ಆ ಮರಳಿಗೆ ಬಿದ್ದ ಕ್ಷಣವೇ ಚಟಪಟ ಎಂದು ಅರಳಿ ಬಿಳಿ ಬಿಳಿಯಾಗಿ ಮೇಲೇಳುತ್ತದೆ. ಜರಡಿ ಹಿಡಿದು ಮರಳನ್ನು ಕೆಳಗೆ ಬಿಟ್ಟು ಮಂಡಕ್ಕಿಯನ್ನು ಆಚೆ ಸುರಿಯುತ್ತಾರೆ. ಒಂದು ಕ್ಷಣ ತಡವಾದರೆ ಸೀಯುತ್ತದೆ, ಒಂದು ಕ್ಷಣ ಮೊದಲಾದರೆ ಅರಳುವುದಿಲ್ಲ. ಈ ಲಯದಲ್ಲಿ ದಿನವೆಲ್ಲ ನಿಲ್ಲುವ ಮನುಷ್ಯನಿಗೆ ತಾಳ ಯಾಕೆ ತಪ್ಪುವುದಿಲ್ಲ ಎಂಬುದು ನನಗೆ ಅವತ್ತು ಕಣ್ಣಾರೆ ತಿಳಿಯಿತು.

ಭಾಯಿ ಸ್ಟೂಲ್ ಹಾಕಿಸಿ, ಚಾ ತರಿಸಿದರು. ನಾನು ಕ್ಷಮೆ ಕೇಳಿದೆ. ಸುತ್ತುಬಳಸದೆ, ನಾನು ಬರೆದ ಮಾತನ್ನೇ ಹೇಳಿ ಕೇಳಿದೆ.

ಅವರು ಸ್ವಲ್ಪ ಹೊತ್ತು ಒಲೆಯನ್ನೇ ನೋಡಿದರು. ‘ನಮ್ ಮನೇಲಿ ಉರ್ದು ಅಕ್ಕಾ. ಕನ್ನಡ ಬಂದಿದ್ದು ಸ್ಕೂಲಿಗೆ ಹೋದ್ಮೇಲೆ. ನಾಲ್ಕನೇ ಕ್ಲಾಸಲ್ಲಿ ಪದ್ಯ ಓದು ಅಂದ್ರು, ಓದಿದೆ. ಕ್ಲಾಸೆಲ್ಲ ನಕ್ತು. ಅವತ್ತಿಂದ ಜೋರಾಗಿ ಓದಿದ್ದೇ ಇಲ್ಲ. ಹಾಡೋಕೆ ಮಾತ್ರ ಹೆದ್ರಿಕೆ ಇರ್ಲಿಲ್ಲ. ಹಾಡಲ್ಲಿ ಯಾರೂ ನಕ್ಕಿರ್ಲಿಲ್ಲ.’

ನನಗೆ ಚಾ ಗಂಟಲಲ್ಲಿ ಇಳಿಯಲಿಲ್ಲ. ಅವರೇ ಮುಂದುವರಿಸಿದರು: ‘ಹೇಳ್ಬೇಡಿ ಅಂತಲ್ಲ ಅಕ್ಕಾ. ತಪ್ಪಿದ್ರೆ ತಪ್ಪೇ. ಶ್ರುತಿದು ಗುಂಪಲ್ಲಿ ಹೇಳ್ರಿ, ತಾಳದ್ದು ಗುಂಪಲ್ಲಿ ಹೇಳ್ರಿ. ಇದನ್ನ ಫೋನ್ ಮಾಡಿ ಹೇಳಿದ್ರೆ ಸಾಕಿತ್ತು.’ ಒಂದು ಗುಟುಕು ಚಾ ಕುಡಿದು, ‘ರಫಿ ಸಾಹೇಬ್ರು ಕನ್ನಡದಲ್ಲಿ ಹಾಡಿದಾಗ ಯಾರೂ ನಗ್ಲಿಲ್ವಲ್ಲ?’ ಅಂದರು.

ನಗಲಿಲ್ಲ. ಮೊಹಮ್ಮದ್ ರಫಿ 1967ರಲ್ಲಿ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಹಾಡಿದ ಹಾಡನ್ನು ನಮ್ಮ ಅಪ್ಪಂದಿರು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು. ಅದೇ ವರ್ಷ ಲತಾ ಮಂಗೇಶ್ಕರ್ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಹಾಡಿದರು. ಮನೆಗೆ ಬರುವ ದಾರಿಯಲ್ಲಿ ನಾನು ಒಬ್ಬೊಬ್ಬರನ್ನಾಗಿ ಎಣಿಸಿದೆ. ರಾಜ್‌ಕುಮಾರ್ ಅವರ ದನಿಯೆಂದೇ ನಾವು ನಂಬಿದ್ದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ ಆಗಿನ ಗುಂಟೂರು ಜಿಲ್ಲೆಯವರು. ಪಿ. ಸುಶೀಲಾ ವಿಜಯನಗರಂನವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರಿನ ಕಡೆಯವರು. ವಾಣಿ ಜಯರಾಂ ವೆಲ್ಲೂರಿನವರು. ಯೇಸುದಾಸ್ ಕೊಚ್ಚಿಯವರು. ಈಗಿನ ಶ್ರೇಯಾ ಘೋಷಾಲ್ ಬಂಗಾಳಿ. ನನ್ನ ಕನ್ನಡ ಕಿವಿಯನ್ನು ತಯಾರು ಮಾಡಿದ ದನಿಗಳಲ್ಲಿ ಕನ್ನಡ ಮನೆಮಾತಿನವರು ಎಷ್ಟು ಕಡಿಮೆ! ತೆಲುಗು, ತಮಿಳು, ಮಲಯಾಳದವರಿಗೆ ‘ಳ’ ಮನೆಯಲ್ಲೇ ಇತ್ತು, ಮರಾಠಿಯ ಲತಾ ಅವರಿಗೂ ಇತ್ತು, ನಿಜ. ಆದರೂ ನಮ್ಮ ಮಾತಿನ ಏರಿಳಿತ, ನಮ್ಮ ಪದ ಮುರಿಯುವ ಜಾಗ, ಇವನ್ನೆಲ್ಲ ಅವರು ಯಾರದೋ ಬಾಯಿ ನೋಡಿಯೇ ಕಲಿತಿರಬೇಕು. ಸ್ಟುಡಿಯೊದಲ್ಲಿ ಯಾರೋ ಒಬ್ಬರು ಪಕ್ಕಕ್ಕೆ ಕರೆದು, ಮೆಲ್ಲಗೆ ಹೇಳಿಕೊಟ್ಟಿರಬೇಕು. ಭಾಯಿ ಕೇಳಿದ್ದೂ ಅಷ್ಟೇ ತಾನೆ.

ಅವತ್ತು ಭಟ್ಟಿಯಿಂದ ಹೊರಡುವ ಮೊದಲು ಅವರೇ ಕೇಳಿದ್ದರು, ‘ಹೆಂಗೆ ಅದು? ಒಂದ್ಸಲ ತೋರ್ಸ್ರಿ.’ ‘ಲ’ಕ್ಕೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತದೆ. ‘ಳ’ಕ್ಕೆ ಅದೇ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಿನ ಮೇಲ್ಭಾಗಕ್ಕೆ ತಾಗಿಸಿ ಬಿಡಬೇಕು. ಹುಟ್ಟಿದಾಗಿನಿಂದ ಮಾಡುತ್ತಾ ಬಂದ ಕೆಲಸವನ್ನು ವಿವರಿಸಲು ನಾನು ಅಂದು ಎಷ್ಟು ಪದಕ್ಕೆ ತಡಕಾಡಿದೆ! ಮಳೆ, ಬೆಳೆ, ಕಳೆ ಎಂದು ಹೇಳಿಸಿದೆ. ಹತ್ತು ಸಲಕ್ಕೆ ಎರಡು ಸಲ ಬಂತು. ಮರಳು ಜರಡಿ ಹಿಡಿಯುತ್ತಿದ್ದ ಹುಡುಗನೂ ಕಣ್ಣರಳಿಸಿ ‘ಮಳೆ, ಬೆಳೆ’ ಅನ್ನತೊಡಗಿದ. ಭಾಯಿ ಅವನ ಬೆನ್ನಿಗೊಂದು ಗುದ್ದಿ, ‘ಲೇ, ಸೀಯ್ತೈತೆ ನೋಡು’ ಅಂದರು.

ಮೂರು ವಾರ ಬಿಟ್ಟು, ಒಂದು ಭಾನುವಾರ ರಾತ್ರಿ ಗುಂಪಿನಲ್ಲಿ ಅದೇ ಹಾಡು ಮತ್ತೆ ಬಂತು. ಐದು ನಿಮಿಷ ಹತ್ತು ಸೆಕೆಂಡು. ನಾನು ಗೋಡೌನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದೆ. ಪಲ್ಲವಿಯ ಬೆ-ಳ-ಕು ದೀಪ ಹೊತ್ತಿಸಿದಂತೆ ಬಂತು. ಎರಡನೇ ಚರಣದಲ್ಲಿ ಒಮ್ಮೆ ತಪ್ಪಿತು. ತಪ್ಪಿದ್ದನ್ನು ಅವರೇ ಗಮನಿಸಿ, ಮರುಸಾಲಿನಲ್ಲಿ ಅದೇ ಪದಕ್ಕೆ ಒಂದು ಮಾತ್ರೆ ಹೆಚ್ಚು ನಿಂತು ಸರಿ ಮಾಡಿಕೊಂಡಿದ್ದರು. ಹಾಗೆ ನಿಂತ ಭಾರಕ್ಕೆ ಆ ಚರಣದ ಲಯ ಕೊಂಚ ಜಗ್ಗಿತ್ತು.

ಹಾಡು ಮುಗಿದು ಐದು ನಿಮಿಷ ಕಳೆಯಿತು. ಹತ್ತು ನಿಮಿಷ. ಯಾರೂ ಏನೂ ಬರೆಯಲಿಲ್ಲ. ಎಲ್ಲರ ಹೆಸರಿನ ಕೆಳಗೂ ‘ಟೈಪಿಂಗ್’ ಎಂದು ಬರುತ್ತಿತ್ತು, ನಿಲ್ಲುತ್ತಿತ್ತು. ನಾನು ಭಟ್ಟಿಗೆ ಹೋಗಿ ಬಂದದ್ದು ಎಲ್ಲರಿಗೂ ಗೊತ್ತಿತ್ತು. ಆಡಿಕೊಂಡರೆ ಮತ್ತೆ ನೋಯಿಸಿಬಿಟ್ಟೆವೇ ಎಂಬ ಭಯ, ಬರೀ ಹೊಗಳಿದರೆ ಇನ್ನೂ ದೂರ ಮಾಡಿಬಿಟ್ಟೆವೇ ಎಂಬ ಭಯ. ಕೊನೆಗೆ ಭಾಯಿಯೇ ಬರೆದರು:

‘ಏನ್ರಪ್ಪಾ, ಎಲ್ರಿಗೂ ಗೇಟ್ ಬಿತ್ತಾ?’

ಆಮೇಲೆ ತಡೆದವರಿಲ್ಲ. ಸ್ಪೇರ್ ಅಣ್ಣ 0:38 ಅಂದರು. ಇಂಜಿನಿಯರ್ ಸಾರ್ ‘2:10ರಲ್ಲಿ ಬೆಣ್ಣೆ ಜಾಸ್ತಿ, ಉಳಿದದ್ದು ಇನ್ನೊಂದ್ಸಲ ಹಾಡು’ ಅಂದರು. ತಬಲಾ ಹುಡುಗ ಆ ಹಾಡಿಗೆ ತಾನೇ ನುಡಿಸುತ್ತೇನೆ, ಟ್ರ್ಯಾಕ್ ಬೇಡ ಅಂದ. ಕೀಬೋರ್ಡ್ ತಮ್ಮ ಹಾಗಾದರೆ ತನ್ನ ದುಡ್ಡಿನ ಗತಿಯೇನು ಎಂದು ಜಗಳ ತೆಗೆದ. ನಾನು ಎರಡನೇ ಚರಣವನ್ನು ಮತ್ತೆ ಕೇಳಿದೆ, ಇನ್ನೊಮ್ಮೆ ಕೇಳಿದೆ, ಗಡಿಯಾರ ನೋಡಿ ಗುರುತು ಹಾಕಿಕೊಂಡೆ. ಬರೆದೆ:

‘3:25ಕ್ಕೆ ಮಂಡಕ್ಕಿ ಮೆತ್ತಗಾಗೈತೆ ಭಾಯಿ.’

ಉತ್ತರ ತಕ್ಷಣ ಬಂತು.

‘ಭಟ್ಟಿ ನಂದೇ ಅಲ್ವಾ ಅಕ್ಕಾ. ಇನ್ನೊಂದ್ಸಲ ಹುರೀತೀನಿ, ತಡೀರಿ.’